ಊರು ಮಾಡಿದ ಸಾಲ, ಎದ್ದು ನಿಂತ ಶಾಲೆ

1933ರ ಮಾರ್ಚ್ 10, ಶುಕ್ರವಾರ ಸಂಜೆ 5 ಗಂಟೆ 54 ನಿಮಿಷಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸುತ್ತಮುತ್ತ ಭೂಮಿ ನಡುಗಿತು. ಸುಮಾರು 70 ಶಾಲೆಗಳು ನೆಲಕಚ್ಚಿದವು. ಇನ್ನೂ 120 ಶಾಲೆಗಳಿಗೆ ಭಾರಿ ಪೆಟ್ಟು ಬಿತ್ತು. ಅಷ್ಟರಲ್ಲಿ ಶಾಲೆ ಬಿಟ್ಟಾಗಿತ್ತು. ಇದೇ ಕಂಪನ ಪಾಠದ ಹೊತ್ತಿನಲ್ಲಿ ಬಂದಿದ್ದರೆ ಏನಾಗುತ್ತಿತ್ತೆಂದು ಇಡೀ ರಾಜ್ಯ ಬೆಚ್ಚಿತು. ಸರಿಯಾಗಿ ತಿಂಗಳಿಗೆ ಫೀಲ್ಡ್ ಕಾಯ್ದೆ ಬಂತು. ಸರ್ಕಾರಿ ಶಾಲೆಗಳ ನಕ್ಷೆಯನ್ನೂ ಕಾಮಗಾರಿಯನ್ನೂ ರಾಜ್ಯವೇ ಪರಿಶೀಲಿಸಬೇಕಾಯಿತು.

ಗಟ್ಟಿ ಕಟ್ಟಡಕ್ಕೆ ಗಟ್ಟಿ ದುಡ್ಡೂ ಬೇಕಲ್ಲ!

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಹೆಚ್ಚಾಗಿ ಆಯಾ ಪ್ರದೇಶದ ಶಾಲಾ ಜಿಲ್ಲೆ. ಅದಕ್ಕೆ ಜನರೇ ಆರಿಸಿದ ಮಂಡಳಿ ಇರುತ್ತದೆ. ಶಿಕ್ಷಕರ ಸಂಬಳ ವರ್ಷದ ವರಮಾನದಲ್ಲಿ ನಡೆದುಹೋಗುತ್ತದೆ. ಹೊಸ ಕಟ್ಟಡಕ್ಕೆ ಮಾತ್ರ ಸಾಲ ಎತ್ತಬೇಕು. ಜಿಲ್ಲೆ ಬಾಂಡ್‌ಗಳನ್ನು ಮಾರುತ್ತದೆ, ಹೂಡಿಕೆದಾರರು ಕೊಳ್ಳುತ್ತಾರೆ, ಅಸಲು ಬಡ್ಡಿ ಎರಡನ್ನೂ ಇಪ್ಪತ್ತೈದು ಮೂವತ್ತು ವರ್ಷ ಆಸ್ತಿ ತೆರಿಗೆಯ ಮೇಲೆ ಹೆಚ್ಚುವರಿ ಹಾಕಿ ತೀರಿಸಲಾಗುತ್ತದೆ. ತೀರಿಸುವವರು ಊರಿನ ಆಸ್ತಿ ಮಾಲೀಕರು. ಆದ್ದರಿಂದ ಸಾಲಕ್ಕೆ ಮೊದಲು ಸಾಮಾನ್ಯವಾಗಿ ಮತದಾರರ ಒಪ್ಪಿಗೆ ಪಡೆಯಬೇಕು. ಕ್ಯಾಲಿಫೋರ್ನಿಯಾದ 1879ರ ಸಂವಿಧಾನ ಅದಕ್ಕೆ ಮೂರನೇ ಎರಡರಷ್ಟು ಮತಗಳನ್ನು ಕೇಳಿತ್ತು.

1978ರಲ್ಲಿ ಈ ದಾರಿಯೇ ಮುಚ್ಚಿತು. ಏರುತ್ತಿದ್ದ ಆಸ್ತಿ ತೆರಿಗೆಯಿಂದ ರೋಸಿಹೋದ ಜನ ಪ್ರಾಪೊಸಿಷನ್ 13 ಎಂಬ ಜನಮತ ಪ್ರಸ್ತಾವಕ್ಕೆ ಮತ ಹಾಕಿ, ತೆರಿಗೆಯನ್ನು ಆಸ್ತಿಯ ನಿಗದಿತ ಮೌಲ್ಯದ ಶೇಕಡಾ 1ಕ್ಕೆ ಕಟ್ಟಿಹಾಕಿದರು. ಹೊಸ ಬಾಂಡ್ ತೀರಿಸಲು ಅದರಾಚೆ ತೆರಿಗೆ ಹಾಕುವಂತಿರಲಿಲ್ಲ. 1986ರಲ್ಲಿ ಮತ್ತೊಂದು ಜನಮತದಿಂದ ಬಾಗಿಲು ತೆರೆಯಿತಾದರೂ ಮೂರನೇ ಎರಡರ ಹೊಸ್ತಿಲು ಹಾಗೇ ಉಳಿಯಿತು.

ಆ ಹೊಸ್ತಿಲು ಎಷ್ಟು ಎತ್ತರವೆಂಬುದು ಲಾಸ್ ಏಂಜಲೀಸ್‌ಗೆ ಗೊತ್ತು. ಅಲ್ಲಿ ಶಾಲೆಗಳು ಕಿಕ್ಕಿರಿದು, ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ ವರ್ಷವಿಡೀ ಸರದಿಯ ಮೇಲೆ ತರಗತಿ ನಡೆಸುತ್ತಿದ್ದರು. 1996ರ ನವೆಂಬರ್‌ನಲ್ಲಿ 240 ಕೋಟಿ ಡಾಲರ್ ಬಾಂಡ್‌ಗೆ ಸ್ಪಷ್ಟ ಬಹುಮತ ಸಿಕ್ಕಿತು, ಆದರೂ ಕೂದಲೆಳೆಯಲ್ಲಿ ಬಿದ್ದುಹೋಯಿತು. 1997ರ ಏಪ್ರಿಲ್‌ನಲ್ಲಿ ಮತ್ತೆ ಮತಕ್ಕಿಟ್ಟಾಗ ಗೆದ್ದಿತು. ಮುಂದಿನ ಬಾಂಡ್‌ಗಳ ಹಣವೂ ಸೇರಿ ಅಲ್ಲಿ 130ಕ್ಕೂ ಹೆಚ್ಚು ಹೊಸ ಶಾಲೆಗಳು ಎದ್ದವು, ಸರದಿ ತರಗತಿಗಳು ಕೊನೆಗೊಂಡವು.

2000ದ ನವೆಂಬರ್‌ನಲ್ಲಿ ಪ್ರಾಪೊಸಿಷನ್ 39 ಹೊಸ್ತಿಲನ್ನು ಶೇಕಡಾ 55ಕ್ಕೆ ಇಳಿಸಿತು, ಜೊತೆಗೆ ಕಟ್ಟುಪಾಡನ್ನೂ ಹಾಕಿತು. ಯಾವ ಕಾಮಗಾರಿಗಳೆಂದು ಮೊದಲೇ ಪಟ್ಟಿ ಕೊಡಬೇಕು, ಪ್ರತಿವರ್ಷ ಲೆಕ್ಕ ತಪಾಸಣೆ ಆಗಬೇಕು, ಖರ್ಚಿನ ಮೇಲೆ ನಾಗರಿಕರ ಸಮಿತಿ ಕಣ್ಣಿಡಬೇಕು. ಕನ್ನಡಿಗ ಕುಟುಂಬಗಳೂ ನೆಲೆಸಿರುವ ಫ್ರೀಮಾಂಟ್‌ನಲ್ಲಿ 2014ರಲ್ಲಿ 65 ಕೋಟಿ ಡಾಲರ್ ಬಾಂಡ್ ಗೆದ್ದದ್ದು ಇದೇ ನಿಯಮದಡಿ.

ಆದರೆ ಸಾಲಕ್ಕೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಸಾಲದ ಷರತ್ತು ಒಳ್ಳೆಯದಾಗುವುದಿಲ್ಲ. ಸ್ಯಾನ್ ಡಿಯೇಗೊ ಬಳಿಯ ಪೊವೇ ಶಾಲಾ ಜಿಲ್ಲೆ 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಎತ್ತಿತು. ತೆರಿಗೆ ದರ ಏರಿಸುವುದಿಲ್ಲವೆಂದು ಮಾತು ಕೊಟ್ಟಿದ್ದರಿಂದ, ಎರಡು ದಶಕ ಕಂತೇ ಕಟ್ಟಬೇಕಿಲ್ಲದ ಬಾಂಡ್‌ಗಳನ್ನು ಆಯ್ದುಕೊಂಡಿತು. ಅಷ್ಟೂ ಕಾಲ ಬಡ್ಡಿಗೆ ಬಡ್ಡಿ ಬೆಳೆದು, 2051ರ ವೇಳೆಗೆ ತೀರಿಸಬೇಕಾದ ಮೊತ್ತ ಸುಮಾರು 98 ಕೋಟಿ ಡಾಲರ್! ಅಂದು ಶಾಲೆಯಲ್ಲಿದ್ದ ಮಕ್ಕಳೇ ನಡುವಯಸ್ಸಿನಲ್ಲಿ ಆ ತೆರಿಗೆ ಕಟ್ಟಬೇಕಾಗಬಹುದು. ಸುದ್ದಿ ರಾಜ್ಯದಾದ್ಯಂತ ಸಿಟ್ಟೆಬ್ಬಿಸಿತು. 2013ರ ಕಾನೂನು ಇಂಥ ಬಾಂಡ್‌ಗಳ ಅವಧಿಯನ್ನು 25 ವರ್ಷಕ್ಕೆ, ಒಟ್ಟು ಮರುಪಾವತಿಯನ್ನು ಅಸಲಿನ ನಾಲ್ಕು ಪಟ್ಟಿಗೆ ಮಿತಿಗೊಳಿಸಿತು.

ಇನ್ನೊಂದು ಅನ್ಯಾಯ ಅಷ್ಟು ಬೇಗ ಕಣ್ಣಿಗೆ ಬೀಳದು. ಒಂದೇ ತೆರಿಗೆ ದರ ಹಾಕಿದರೂ ಸಿಲಿಕಾನ್ ಕಣಿವೆಯ ದುಬಾರಿ ಮನೆಗಳಿಂದ ಹರಿದುಬರುವ ಹಣ, ಸೆಂಟ್ರಲ್ ವ್ಯಾಲಿಯ ಬಡ ಕೃಷಿ ಊರಿಂದ ಬರುವುದಿಲ್ಲ. ಸ್ಥಳೀಯರು ಹೊಂದಿಸಿದ ಹಣಕ್ಕೆ ರಾಜ್ಯ ತನ್ನ ಪಾಲು ಸೇರಿಸುವ 1998ರ ವ್ಯವಸ್ಥೆಯೂ ಹೊಂದಿಸಬಲ್ಲವರಿಗೇ ಹೆಚ್ಚು ಒದಗಿತು. 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ 1,000 ಕೋಟಿ ಡಾಲರ್‌ಗಳ ರಾಜ್ಯ ಬಾಂಡ್, ಬಡ ಜಿಲ್ಲೆಗಳಿಗೆ ರಾಜ್ಯದ ಪಾಲನ್ನು ಗರಿಷ್ಠ 5 ಶೇಕಡಾವಾರು ಅಂಶಗಳಷ್ಟು ಹೆಚ್ಚಿಸಲು ಅವಕಾಶ ಕೊಟ್ಟಿದೆ. ಅಂತರದ ಮುಂದೆ ಅದು ತೀರಾ ಸಣ್ಣ ಹೆಜ್ಜೆ.