ಕಾಗದದ ಗೆರೆ ಲೋಹಕ್ಕೆ ಇಳಿದ ದಾರಿ

ತಾಮ್ರದ ತಗಡಿನಲ್ಲಿ ಒಮ್ಮೆ ಕೊರೆದ ಗೆರೆಯನ್ನು ಅಳಿಸುವುದು ಸುಲಭವಲ್ಲ. ಹಾಗಾಗಿ ಚಾಣ ಕೈಗೆತ್ತಿಕೊಳ್ಳುವ ಮೊದಲೇ ಚಿತ್ರ ಲೋಹದ ಮೇಲೆ ಕೂತಿರಬೇಕು. ನುಣುಪಾದ ತಗಡಿಗೆ ಚಿತ್ರವನ್ನು ಇಳಿಸುವ ಈ ಕೆಲಸವನ್ನು ಕಲೆಯ ಚರಿತ್ರೆ ಬರೆಯುವವರು ಹೆಚ್ಚಾಗಿ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಕೆತ್ತನೆಯ ಕಥೆಯ ದೊಡ್ಡ ತಿರುವುಗಳೆಲ್ಲ ಇಲ್ಲೇ ಇವೆ ಎಂದು ನಾನು ನಂಬುತ್ತೇನೆ.

ನಮ್ಮ ತಾಮ್ರಶಾಸನಗಳಲ್ಲಿ ಬರೆಯುವವನು ಬೇರೆ, ಕೊರೆಯುವವನು ಬೇರೆ. ಮೊದಲು ತಗಡಿನ ಮೇಲೆ ಮಸಿಯಲ್ಲಿ ಅಕ್ಷರ ಬರೆದು, ಆ ಜಾಡಿನಲ್ಲೇ ಕೊರೆಯುತ್ತಿದ್ದರು ಎನ್ನುತ್ತಾರೆ ಶಾಸನತಜ್ಞರು. ಕೃಷ್ಣದೇವರಾಯನ ಕಾಲದ ಶಾಸನಗಳ ಕೊನೆಯಲ್ಲಿ ಕೊರೆದವನ ಹೆಸರೂ ಇರುತ್ತದೆ: ವೀರಣಾಚಾರ್ಯ. ಬೀದರಿನ ಬಿದ್ರಿ ಕುಶಲಿಗಳದು ಇನ್ನೊಂದು ದಾರಿ. ಸತುವೇ ಹೆಚ್ಚಾಗಿರುವ ಮಿಶ್ರಲೋಹದ ಹೂಜಿಯನ್ನು ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಅಡಿಕೆ ತೋಟದವರು ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತ. ಮೈಯೆಲ್ಲ ಕಪ್ಪಾಗುತ್ತದೆ, ಅದರ ಮೇಲೆ ಮೊನಚು ಕಡ್ಡಿಯಿಂದ ಗೀರಿದ ಬಳ್ಳಿ ಬೆಳ್ಳಗೆ ಎದ್ದು ಕಾಣುತ್ತದೆ. ಅಲ್ಲಿ ನಕಲಿಳಿಸುವ ಪ್ರಶ್ನೆಯೇ ಇಲ್ಲ, ಬಳ್ಳಿ ನೇರವಾಗಿ ಕೈಯಿಂದಲೇ ಬರುತ್ತದೆ.

ಯುರೋಪಿನ ಕೆತ್ತನೆಗಾರನಿಗೆ ಈ ಸ್ವಾತಂತ್ರ್ಯ ಇರಲಿಲ್ಲ. ಅವನು ಇನ್ನೊಬ್ಬರ ಚಿತ್ರವನ್ನು ಹಾಗೇ ತಗಡಿಗೆ ತರಬೇಕು, ಅದೂ ತಿರುವುಮುರುವಾಗಿ. ಅಚ್ಚು ಹಾಕಿದಾಗ ಎಡ ಬಲವಾಗುತ್ತದಲ್ಲ! ಬಿಸಿ ಮಾಡಿದ ತಗಡಿಗೆ ತೆಳುವಾಗಿ ಬಿಳಿ ಮೇಣ ಹಚ್ಚಿ, ಹಿಂಬದಿಗೆ ಕೆಂಪು ಸೀಮೆಸುಣ್ಣ ತಿಕ್ಕಿದ ಕಾಗದವನ್ನು ಅದರ ಮೇಲಿಟ್ಟು, ಗೆರೆಗಳನ್ನು ಮೊಂಡು ಸೂಜಿಯಿಂದ ತಿದ್ದುತ್ತಿದ್ದರು. ಕೆತ್ತನೆಯ ವಿಧಾನಗಳ ಬಗ್ಗೆ ಅಬ್ರಹಾಂ ಬಾಸ್ 1645ರಲ್ಲಿ ಪ್ರಕಟಿಸಿದ ಕೈಪಿಡಿ ಬಹುಕಾಲ ಈ ಕಸುಬಿನವರಿಗೆ ಆಧಾರವಾಗಿತ್ತು. ಆದರೆ ಹೀಗೆ ತಿದ್ದುವಾಗ ಪ್ರತಿ ಗೆರೆಯೂ ಕೂದಲೆಳೆಯಷ್ಟು ಸರಿಯುತ್ತದೆ. ಮುಖದ ಚಿತ್ರದಲ್ಲಿ ಅಷ್ಟು ಸರಿದರೂ ಮುಖವೇ ಬೇರೆ.

ನಡುವೆ ಕೈ ಬೇಡ, ಬೆಳಕೇ ಗೆರೆ ಇಳಿಸಲಿ ಎಂದು ಹೊರಟವನು ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್. 1826ರಲ್ಲಿ ಕಾರ್ಡಿನಲ್ ದಾಂಬ್ವಾಸನ ಹಳೆಯ ಮುದ್ರಿತ ಚಿತ್ರವೊಂದನ್ನು ಬೆಳಕು ಹಾಯುವಂತೆ ಮಾಡಿ, ಡಾಂಬರಿನಂಥ ಬಿಟುಮೆನ್ ಲೇಪಿಸಿದ ಪ್ಯೂಟರ್ ತಗಡಿನ ಮೇಲೆ ಹಾಸಿ ಬಿಸಿಲಿಗಿಟ್ಟ. ಬಿಸಿಲು ಬಿದ್ದಲ್ಲಿ ಲೇಪ ಗಟ್ಟಿಯಾಯಿತು, ಗೆರೆಯ ನೆರಳಿನಲ್ಲಿ ಮೆದುವಾಗಿಯೇ ಉಳಿಯಿತು. ಲ್ಯಾವೆಂಡರ್ ಎಣ್ಣೆಯಲ್ಲಿ ತೊಳೆದಾಗ ಮೆದು ಭಾಗ ಕರಗಿ ಲೋಹ ತೆರೆದುಕೊಂಡಿತು, ಆಮೇಲೆ ಆಮ್ಲ ಗೆರೆಗಳನ್ನು ಕಚ್ಚಿತು. ಆ ತಗಡನ್ನು ಅವನು ಪ್ಯಾರಿಸ್ಸಿನ ಕೆತ್ತನೆಗಾರ ಲೆಮೇತ್ರ್‌ಗೆ ಕಳಿಸಿದ. ಫೋಟೋಗ್ರಫಿಯ ಬೇರುಗಳಲ್ಲೊಂದು ಇಲ್ಲಿದೆ: ಒಂದು ಅಚ್ಚಿನ ಚಿತ್ರವನ್ನು ತಗಡಿಗೆ ಇಳಿಸುವ ಹಟದಲ್ಲಿ. ಕೆತ್ತನೆಗಾರನ ನೆರವಿಗೆ ಬಂದ ಆ ಬೆಳಕೇ 1879ರಲ್ಲಿ ಕಾರ್ಲ್ ಕ್ಲೀಚ್ ರೂಪಿಸಿದ ಫೋಟೋಗ್ರವ್ಯೂರಿನ ಹೊತ್ತಿಗೆ ಅವನ ಕೆಲಸವನ್ನೇ ಕಿತ್ತುಕೊಳ್ಳತೊಡಗಿತು. ನೆರಳು ಬೆಳಕುಗಳೆಲ್ಲ ಈಗ ಆಮ್ಲದಿಂದಲೇ ಮೂಡುತ್ತಿದ್ದವು.

ನಡುವೆ ಇನ್ನೆರಡು ದಾರಿಗಳಿದ್ದವು. ಜೇಕಬ್ ಪರ್ಕಿನ್ಸ್ ಕೈಕೆತ್ತನೆಯ ಒಂದು ಉಕ್ಕಿನ ಅಚ್ಚನ್ನು ಉರುಳೆಗೆ ಒತ್ತಿ, ಆ ಉರುಳೆಯಿಂದ ಬೇಕಾದಷ್ಟು ಪ್ರತಿ ತೆಗೆದ. 1840ರ ಪೆನ್ನಿ ಬ್ಲ್ಯಾಕ್ ಅಂಚೆಚೀಟಿಯ ಪ್ರತಿ ಫಲಕದಲ್ಲಿ ಹೀಗೆ 240 ಚೀಟಿಗಳು. ಅದೇ ದಶಕದ ಅನಾಸ್ಟ್ಯಾಟಿಕ್ ಮುದ್ರಣದಲ್ಲಿ ಅಚ್ಚಾದ ಹಾಳೆಯನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ನೆನೆಸಿ ಸತುವಿನ ತಗಡಿಗೆ ಒತ್ತಿದರೆ ಮಸಿ ತಾನಾಗಿ ತಗಡಿಗೆ ಅಂಟುತ್ತಿತ್ತು. 1845ರಲ್ಲಿ ಮೈಕೇಲ್ ಫ್ಯಾರಡೆ ಇದರ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸವನ್ನೇ ಕೊಟ್ಟರು.

ಇಂದಿನ ಕೈಕೆತ್ತನೆಗಾರರ ನೆಚ್ಚಿನ ಉಪಾಯ ಇದರ ಮೊಮ್ಮಗು ಇದ್ದಂತೆ, ಆದರೆ ಬಂದದ್ದು ಆಫೀಸಿನಿಂದ. ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಗಂಧಕ ಲೇಪಿಸಿದ ಸತುವಿನ ತಗಡಿನಿಂದ ಪುಡಿಯ ಅಕ್ಷರಗಳನ್ನು ಮೇಣದ ಕಾಗದಕ್ಕೆ ಎತ್ತಿದರು. ನಾವು ಜೆರಾಕ್ಸ್ ಎನ್ನುವುದು ಅಲ್ಲಿಂದ ಬೆಳೆದದ್ದು. ಆ ಪುಡಿ, ಅಂದರೆ ಟೋನರ್, ಬಹುಪಾಲು ಪ್ಲಾಸ್ಟಿಕ್. ಬಿಸಿಗೂ ಅಸಿಟೋನಿಗೂ ಅದು ಮೆದುವಾಗುತ್ತದೆ. ಹಾಗಾಗಿ ಲೋಹದಿಂದ ಕಾಗದಕ್ಕೆ ಹೋದದ್ದನ್ನು ಕಾಗದದಿಂದ ಲೋಹಕ್ಕೆ ಮರಳಿಸಬಹುದು.

ಹಿತ್ತಾಳೆ ತಗಡನ್ನು ಸಣ್ಣ ಮರಳು ಕಾಗದದಿಂದ ಉಜ್ಜಿ ಬೆರಳಿನ ಜಿಡ್ಡಿಲ್ಲದಂತೆ ಒರೆಸಬೇಕು. ಚಿತ್ರವನ್ನು ತಿರುಗಿಸಿ ಲೇಸರ್ ಪ್ರಿಂಟ್ ತೆಗೆದು ಮುಖ ಕೆಳಗಾಗಿ ಇಡಬೇಕು. ಆಮೇಲೆ ಕಾಗದದ ಬೆನ್ನಿಗೆ ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಸವರಬೇಕು. ಹತ್ತಿಯಲ್ಲಿ ಅಸಿಟೋನ್ ಹೆಚ್ಚಾದರೆ ಗೆರೆ ಹರಡುತ್ತದೆ, ಕಡಿಮೆಯಾದರೆ ಕಾಗದದಲ್ಲೇ ಉಳಿಯುತ್ತದೆ. ಒತ್ತಿ ಹಿಡಿದು, ಆರಿದ ಮೇಲೆ ಕಾಗದದ ಒಂದು ಮೂಲೆ ಎತ್ತಿದಾಗ ಹಿತ್ತಾಳೆಯ ಹೊಳಪಿನ ಮೇಲೆ ಕಪ್ಪು ಬಳ್ಳಿ ಕೂತಿರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಆದರೆ ಆ ಗೆರೆ ಅಂಗೈ ತಾಗಿದರೆ ಉದುರುತ್ತದೆ, ಆದ್ದರಿಂದ ಮುಖ್ಯ ಗೆರೆಗಳನ್ನು ಕೂಡಲೇ ಸೂಜಿಯಿಂದ ಗೀರಿಕೊಳ್ಳಬೇಕು.

ಟೋನರಿನ ಗೆರೆ ಎಲ್ಲಿಯೂ ಒಂದೇ ಆಳ, ಅಥವಾ ಆಳವೇ ಇಲ್ಲ. ಬಳ್ಳಿ ಸುರುಳಿಯಾಗುವಲ್ಲಿ ಚಾಣವನ್ನು ತುಸು ವಾಲಿಸಿ ಗೆರೆಯನ್ನು ಅಗಲಿಸುವುದು, ತುದಿಗೆ ಬಂದಾಗ ಮೆಲ್ಲಗೆ ಎತ್ತಿ ಕೂದಲಿನಷ್ಟು ಸಣ್ಣಗೆ ಮುಗಿಸುವುದು ಪ್ರಿಂಟಿನಲ್ಲಿ ಇರುವುದಿಲ್ಲ. ಕೊರೆದು ಮುಗಿದ ಮೇಲೆ ಉಳಿದ ಕಪ್ಪನ್ನು ಅದೇ ಅಸಿಟೋನಿನ ಹತ್ತಿಯಿಂದ ಒರೆಸಿ ತೆಗೆಯುತ್ತಾರೆ.