ಕಾಲು ಎಂದರೆ ಎಷ್ಟು? ಸೂಡಿಯ ಕಲ್ಲು ಹೇಳುವ ಲೆಕ್ಕ

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಸೂಡಿ ಇಂದು ನೋಡುವವರ ಕಣ್ಣಿಗೆ ಒಂದು ಸಾಮಾನ್ಯ ಹಳ್ಳಿ. ಆದರೆ 11ನೇ ಶತಮಾನದಲ್ಲಿ ಇದು ಕಲ್ಯಾಣ ಚಾಲುಕ್ಯರ ಹೆಸರಾಂತ ಪಟ್ಟಣವಾಗಿತ್ತು. ಚಕ್ರವರ್ತಿ ಇಮ್ಮಡಿ ಜಯಸಿಂಹನ ಅಕ್ಕರೆಯ ಸೋದರಿ ಅಕ್ಕಾದೇವಿ ಆಳಿದ ಕಿಸುಕಾಡು ನಾಡಿಗೆ ಸೇರಿದ ಊರು ಇದು. ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ, ಕುಸುರಿ ಕೆತ್ತನೆಯ ನಾಗಕುಂಡ ಇವೆಲ್ಲ ಆ ವೈಭವದ ಕುರುಹುಗಳು.

ಸೂಡಿಗೆ ಇನ್ನೊಂದು ಹಿರಿಮೆಯೂ ಇದೆ. ಚಾಲುಕ್ಯರ ನಾಣ್ಯಗಳು ಅಚ್ಚಾಗುತ್ತಿದ್ದ ಎರಡು ಮುಖ್ಯ ಟಂಕಸಾಲೆಗಳಲ್ಲಿ ಒಂದು ಲಕ್ಕುಂಡಿಯಲ್ಲಿತ್ತು, ಇನ್ನೊಂದು ಸೂಡಿಯಲ್ಲಿ. ಒಂದೇ ಊರಿನಲ್ಲಿ ಒಂದು ಕಡೆ ಕಲ್ಲುಕುಟಿಗನ ಉಳಿಯ ಸದ್ದು, ಇನ್ನೊಂದು ಕಡೆ ಅಕ್ಕಸಾಲಿಗನ ಸುತ್ತಿಗೆಯ ಸದ್ದು. ಒಬ್ಬ ಕಟ್ಟಿದ್ದು ದೇವರ ಮನೆ, ಇನ್ನೊಬ್ಬ ಅಚ್ಚು ಹಾಕಿದ್ದು ಸಂತೆಯ ಹಣ. ಇಬ್ಬರಿಗೂ ಸಂಬಂಧವೇನು? ಇಬ್ಬರ ಲೆಕ್ಕವೂ ನಿಂತಿದ್ದು ಒಂದೇ ಪದದ ಮೇಲೆ. ಅದು ‘ಕಾಲು’.

ಪ್ರಾಣಿಯ ಕಾಲು, ಲೆಕ್ಕದ ಕಾಲು

ಕನ್ನಡದಲ್ಲಿ ಕಾಲು ಎಂದರೆ ನಡೆಯುವ ಅಂಗವೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ಸಂಸ್ಕೃತದ ‘ಪಾದ’ಕ್ಕೂ ಇವೇ ಎರಡು ಅರ್ಥಗಳಿವೆ. ಶ್ಲೋಕವೊಂದರ ನಾಲ್ಕನೇ ಒಂದು ಭಾಗಕ್ಕೆ ಪಾದ ಎಂದೇ ಹೆಸರು. ನಾಲ್ಕು ಕಾಲಿನ ಮೇಲೆ ನಿಂತ ದನವನ್ನು ದಿನವೂ ಕಾಣುವ ರೈತಾಪಿ ಜನರಿಗೆ ಒಂದು ಕಾಲು ಎಂದರೆ ಇಡೀ ಪ್ರಾಣಿಯ ನಾಲ್ಕರಲ್ಲೊಂದು ಆಸರೆ ಎಂಬುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಪುರಾಣದ ಚಿತ್ರವೊಂದು ಈ ಎರಡು ಅರ್ಥಗಳನ್ನು ಒಟ್ಟಿಗೆ ಹೊಲಿದಿದೆ. ಧರ್ಮವೆಂಬ ಎತ್ತು ಕೃತಯುಗದಲ್ಲಿ ನಾಲ್ಕು ಕಾಲ ಮೇಲೆ ನಿಂತಿತ್ತು. ತ್ರೇತಾಯುಗದಲ್ಲಿ ಮೂರು, ದ್ವಾಪರದಲ್ಲಿ ಎರಡು ಉಳಿದವು. ಕಲಿಯುಗದಲ್ಲಿ ಅದು ನಿಂತಿರುವುದು ಒಂಟಿಗಾಲಿನಲ್ಲಿ. ಅಂದರೆ ಜಗತ್ತಿನಲ್ಲಿ ಉಳಿದಿರುವ ಧರ್ಮ ಕಾಲು ಪಾಲು ಮಾತ್ರ! ಚಿತ್ರವನ್ನು ನೋಡಿದರೆ ಅದೇ ಲೆಕ್ಕ, ಲೆಕ್ಕವನ್ನು ಕೇಳಿದರೆ ಅದೇ ಚಿತ್ರ.

ಕಾಲಿನ ಕಾಲು ‘ವೀಸ’, ಅಂದರೆ ಹದಿನಾರನೇ ಒಂದು ಭಾಗ. ವೀಸದ ಕಾಲು ‘ಕಾಣಿ’, ಅಂದರೆ ಅರವತ್ತನಾಲ್ಕನೇ ಒಂದು. ‘ಮುಕ್ಕಾಲು ಮೂರು ವೀಸ’ ಎಂದು ನಾವು ಈಗಲೂ ಆಡುತ್ತೇವೆ. ಹೆಚ್ಚುಕಡಿಮೆ ಎಲ್ಲವೂ ಎಂದು ಅದರ ಅರ್ಥ. ಆದರೆ ಅದು ಬರಿಯ ಮಾತಿನ ಬೆಡಗಲ್ಲ. ಮುಕ್ಕಾಲಿಗೆ ಮೂರು ವೀಸ ಕೂಡಿಸಿದರೆ ಹದಿನಾರರಲ್ಲಿ ಹದಿನೈದು ಪಾಲು ಆಗುತ್ತದೆ. ಪೂರ್ತಿಯಾಗಲು ಒಂದೇ ವೀಸ ಕಡಿಮೆ.

ತಕ್ಕಡಿ ಮತ್ತು ದಾರ

ನಮ್ಮ ಹಿರಿಯರು ಹತ್ತನ್ನು ಬಿಟ್ಟು ನಾಲ್ಕನ್ನೇ ಹಿಡಿದದ್ದೇಕೆ? ಉತ್ತರ ಅಕ್ಕಸಾಲಿಗನ ತಕ್ಕಡಿಯಲ್ಲಿದೆ. ಚಿನ್ನದ ಪುಡಿಯನ್ನು ಎರಡು ತಟ್ಟೆಗೆ ಹಂಚಿ ಮುಳ್ಳು ನಡುವೆ ನಿಲ್ಲುವಂತೆ ಮಾಡಿದರೆ ಅದು ಅರ್ಧವಾಯಿತು. ಆ ಅರ್ಧವನ್ನು ಮತ್ತೆ ಹಾಗೆಯೇ ಹಂಚಿದರೆ ಕಾಲು. ಇದಕ್ಕೆ ತೂಕದ ಕಲ್ಲೂ ಬೇಡ, ಓದು ಬರಹವೂ ಬೇಡ. ಐದು ಪಾಲು ಅಥವಾ ಹತ್ತು ಪಾಲು ಮಾಡಲು ಹೊರಟರೆ ಇಷ್ಟು ಸುಲಭವಲ್ಲ.

ಕಲ್ಲುಕುಟಿಗನ ಕೈಯಲ್ಲಿದ್ದ ದಾರದ ಗುಟ್ಟೂ ಇದೇ. ತುದಿಗೆ ತುದಿ ಸೇರಿಸಿ ಮಡಿಸಿದರೆ ಅರ್ಧ, ಇನ್ನೊಮ್ಮೆ ಮಡಿಸಿದರೆ ಕಾಲು. ಕಣ್ಣಳತೆ ತಪ್ಪಬಹುದು, ಮಡಿಕೆ ತಪ್ಪುವುದಿಲ್ಲ. ಅಕ್ಕಸಾಲಿಗನ ತಕ್ಕಡಿ ಮಾಡಿದ ಕೆಲಸವನ್ನೇ ಕಲ್ಲುಕುಟಿಗನ ದಾರವೂ ಮಾಡಿತು.

ಚಾಲುಕ್ಯರ ಕಾಲದ ಸಾಮಾನ್ಯ ಲೆಕ್ಕದಲ್ಲಿ ಒಂದು ಗದ್ಯಾಣಕ್ಕೆ ಹತ್ತು ಪಣ. ಆದರೆ ಪಣದಿಂದ ಕೆಳಗಿಳಿದ ಕೂಡಲೇ ಕಾಲಿನ ಲೆಕ್ಕ ಶುರುವಾಗುತ್ತದೆ. ಪಣದ ಕಾಲು ‘ಹಾಗ’, ಹಾಗದ ಕಾಲು ‘ವೀಸ’. ಅರಮನೆಯ ದೊಡ್ಡ ಲೆಕ್ಕ ಹತ್ತರಲ್ಲಿ ನಡೆದರೂ ಎಲೆ, ಅಡಿಕೆ, ಎಣ್ಣೆಯ ಮೇಲಿನ ಸಣ್ಣ ಸುಂಕಗಳೂ ದೇವರ ದೀಪಕ್ಕೆ ಬಿಟ್ಟ ಕಾಣಿಕೆಗಳೂ ಹಾಗ, ವೀಸಗಳಲ್ಲೇ ನಡೆದವು.

ಅರವತ್ತನಾಲ್ಕು ಮನೆಯ ಚೌಕ

ಇನ್ನು ಗುಡಿಯತ್ತ ಬರೋಣ. ಗುಡಿಗೆ ನೆಲ ಗುರುತು ಹಾಕುವ ಕ್ರಮವನ್ನು ಹಳೆಯ ವಾಸ್ತು ಗ್ರಂಥಗಳು ವಿವರಿಸುತ್ತವೆ. ಸಮತಟ್ಟಾದ ನೆಲದಲ್ಲಿ ಒಂದು ಗೂಟ ನೆಟ್ಟು ಅದರ ಸುತ್ತ ವೃತ್ತ ಎಳೆಯಬೇಕು. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತವನ್ನು ಮುಟ್ಟುವ ಕಡೆ ಒಂದು ಗುರುತು, ಮಧ್ಯಾಹ್ನದ ನಂತರ ಮತ್ತೆ ಮುಟ್ಟುವ ಕಡೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ ಸಿಗುತ್ತದೆ. ಅದಕ್ಕೆ ಅಡ್ಡವಾಗಿ ಉತ್ತರ ದಕ್ಷಿಣದ ಗೆರೆ ಎಳೆದರೆ ವೃತ್ತ ನಾಲ್ಕು ಕಾಲಾಗುತ್ತದೆ. ಕಟ್ಟಡದ ಮೊದಲ ಕಲ್ಲಿಗೂ ಮುಂಚೆ ಹುಟ್ಟುವುದು ಈ ನಾಲ್ಕು ಕಾಲುಗಳು.

ಆಮೇಲೆ ಚೌಕ. ಅದನ್ನು ಒಮ್ಮೆ ನಾಲ್ಕಾಗಿಸಿದರೆ 4 ಮನೆ, ಪ್ರತಿ ಮನೆಯನ್ನೂ ಮತ್ತೆ ನಾಲ್ಕಾಗಿಸಿದರೆ 16, ಮೂರನೇ ಸಲ 64. ಇದಕ್ಕೆ ಮಂಡೂಕ ಮಂಡಲವೆಂದು ಹೆಸರು, ಅದರ ಒಂದೊಂದು ಮನೆಗೂ ‘ಪದ’ ಎಂದು ಹೆಸರು. ಕಾಲು, ವೀಸ, ಕಾಣಿಯ ಲೆಕ್ಕವೇ ಇಲ್ಲಿ ನೆಲದ ಮೇಲೆ ಮೂಡಿದೆ. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ದೇವಾಲಯಕ್ಕೆ ಹೇಳಿರುವುದು ಈ ಅರವತ್ತನಾಲ್ಕು ಪದದ ಚೌಕವನ್ನೇ. ಗರ್ಭಗುಡಿಯ ಅಗಲ ಒಟ್ಟು ಅಗಲದ ಅರ್ಧವಿರಬೇಕೆಂದೂ ಆತ ಹೇಳುತ್ತಾನೆ. ಅಗಲ ಅರ್ಧವಾದರೆ ನೆಲ ಕಾಲಾಗುತ್ತದೆ. 64ರಲ್ಲಿ 16 ಪದ ದೇವರಿಗೆ, ಮಿಕ್ಕ 48 ಗೋಡೆಗೆ. ಕಾಲು ಪಾಲು ದೇವರು, ಮುಕ್ಕಾಲು ಪಾಲು ಕಲ್ಲು!

ಎಲ್ಲ ಗುಡಿಗಳೂ ಗ್ರಂಥದ ಈ ಲೆಕ್ಕವನ್ನು ಅಂಗುಲ ತಪ್ಪದೆ ಪಾಲಿಸಿವೆ ಎಂದಲ್ಲ. ಆದರೆ ಗೆರೆ ಎಳೆದು ಮಡಿಸುವ ಬುದ್ಧಿ ಎಲ್ಲೆಡೆ ಕಾಣುತ್ತದೆ. ದಂಡನಾಯಕ ನಾಗದೇವ ಕಟ್ಟಿಸಿದನೆನ್ನಲಾದ ಸೂಡಿಯ ಜೋಡು ಕಳಸದ ಗುಡಿಯಲ್ಲಿ ಎರಡು ಶಿಖರಗಳು ಎದುರುಬದುರಾಗಿ ನಿಂತಿವೆ, ನಡುವೆ ಮಂಟಪ. ಬಟ್ಟೆಯನ್ನು ನಡುವಿಗೆ ಮಡಿಸಿ ಬಿಚ್ಚಿದಂತೆ ಒಂದರ ಎದುರಿಗೆ ಇನ್ನೊಂದು. ಗೋಡೆಯ ಏರಿಳಿತಗಳೂ ಅಷ್ಟೆ, ಎಡಕ್ಕಿದ್ದದ್ದು ಬಲಕ್ಕೂ ಬರುತ್ತದೆ.

ಕಂಬ ಕಡೆಯುವಾಗಲೂ ಇದೇ ದಾರಿ. ಚೌಕದ ನಾಲ್ಕು ಮೂಲೆ ಕತ್ತರಿಸಿದರೆ ಎಂಟು ಮುಖ, ಎಂಟರ ಮೂಲೆ ಕತ್ತರಿಸಿದರೆ ಹದಿನಾರು. ಹೀಗೆ ಸಾಗಿದರೆ ಕಲ್ಲು ತಾನಾಗಿ ದುಂಡಗಾಗುತ್ತದೆ. ಶಾಸ್ತ್ರೋಕ್ತ ಶಿವಲಿಂಗದಲ್ಲಿ ಈ ಹೆಜ್ಜೆಗಳು ಹಾಗೆಯೇ ಉಳಿದಿವೆ. ಬುಡದ ಚೌಕ ಬ್ರಹ್ಮಭಾಗ, ನಡುವಿನ ಎಂಟು ಮೂಲೆ ವಿಷ್ಣುಭಾಗ, ಮೇಲಿನ ದುಂಡು ರುದ್ರಭಾಗ. ನಾವು ಪೂಜಿಸುವುದು ದುಂಡಗಿನದನ್ನು, ಅದನ್ನು ಹೊತ್ತಿರುವುದು ಚೌಕ.

ಡಂಬಳದಿಂದ ವಿಜಯಪುರಕ್ಕೆ

ಚೌಕವನ್ನು ಕತ್ತರಿಸುವುದು ಒಂದು ಬಗೆ, ತಿರುಗಿಸುವುದು ಇನ್ನೊಂದು. ಇದೇ ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪನ ಗುಡಿ ಇಪ್ಪತ್ತನಾಲ್ಕು ಮೊನೆಯ ನಕ್ಷತ್ರದಂತಿದೆ. ನೋಡಿದರೆ ತಲೆ ತಿರುಗುತ್ತದೆ. ಲೆಕ್ಕ ಮಾತ್ರ ಸರಳ. ಒಂದೇ ನಡುವಿನ ಸುತ್ತ ಆರು ಚೌಕಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಇಟ್ಟರೆ, ನಾಲ್ಕು ಮೂಲೆಯಂತೆ ಇಪ್ಪತ್ತನಾಲ್ಕು ಮೊನೆ. ಕಾಲು ಸುತ್ತು ತಿರುಗಿದರೆ ಚೌಕ ಮೊದಲಿನ ಜಾಗಕ್ಕೇ ಬರುವುದರಿಂದ ಒಂದು ಕಾಲಿನಲ್ಲಿ ಆರು ಮೊನೆ ಕೂಡಿಸಿದರೆ ಸಾಕು, ಮಿಕ್ಕ ಮುಕ್ಕಾಲು ಅದನ್ನೇ ಹಿಂಬಾಲಿಸುತ್ತದೆ.

ಶತಮಾನಗಳ ನಂತರ ವಿಜಯಪುರದಲ್ಲಿ ಬೇರೊಂದು ಧರ್ಮದ, ಬೇರೊಂದು ಪರಂಪರೆಯ ಕಟ್ಟಡಗಾರರು ಇದೇ ಉಪಾಯವನ್ನು ಗುಮ್ಮಟಕ್ಕೆ ಬಳಸಿದರು. ಮಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಲಗುಂಬಜ್ 1656ರ ಕಟ್ಟಡ. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಬೇಕು. ಒಂದರ ಮೇಲೊಂದು ತಿರುಗಿದ ಎರಡು ಚೌಕಗಳ ಗೆರೆಯಲ್ಲಿ ಎಂಟು ಕಮಾನುಗಳನ್ನು ಹೆಣೆದು ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಅವರು ಕೂರಿಸಿದರು. ನಡುವೆ ಒಂದೂ ಕಂಬವಿಲ್ಲ.

ಕರಾವಳಿಯ ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಗೆ ಹಿಂದು ಮುಂದೆಂಬುದೇ ಇಲ್ಲ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರ್ತಿಗಳು. ಎತ್ತಲಿಂದ ಬಂದ ಭಕ್ತನಿಗೂ ಸಮಾನ ದರ್ಶನ. ಅಲ್ಲಿ ಕಾಲು ಪಾಲು ಎಂದರೆ ಕಡಿಮೆ ಪಾಲು ಅಲ್ಲ.

ನಾಲ್ಕಾಣೆ ಹೋದ ಮೇಲೆ

ಈ ಲೆಕ್ಕ ಮೊನ್ನೆ ಮೊನ್ನೆಯವರೆಗೂ ನಮ್ಮ ಜೇಬಿನಲ್ಲಿತ್ತು. ಒಂದು ರೂಪಾಯಿಗೆ 16 ಆಣೆ, 64 ಪೈಸೆ. ಕಾಲು, ವೀಸ, ಕಾಣಿಗಳೇ ಹೆಸರು ಬದಲಿಸಿಕೊಂಡು ಬಂದಿದ್ದವು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು ಎಂಬುದೂ ಅದೇ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಬಂದು ರೂಪಾಯಿಗೆ ನೂರು ಪೈಸೆಯಾಯಿತು. ಆದರೂ ಜನ 25 ಪೈಸೆಯನ್ನು ನಾಲ್ಕಾಣೆ ಎಂದೇ ಕರೆದರು. 2011ರ ಜೂನ್ 30ಕ್ಕೆ ಆ ನಾಣ್ಯದ ಚಲಾವಣೆಯೂ ನಿಂತಿತು. ಈಗ ಆಣೆ ಉಳಿದಿರುವುದು ‘ಹದಿನಾರಾಣೆ ಸತ್ಯ’ ಎಂಬ ಮಾತಿನಲ್ಲಿ, ಮತ್ತೆ ರೈತನ ಪಹಣಿಯಲ್ಲಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ ಎಂದು ಅಲ್ಲಿ ಇಂದಿಗೂ ಲೆಕ್ಕ.

ಹೋದರೆ ಹೋಗಲಿ, ಹತ್ತರ ಲೆಕ್ಕ ಕಾಗದದ ಮೇಲೆ ಸುಲಭವೇ. ಆದರೆ ಪದದ ಜೊತೆಗೆ ತಿಳಿವೂ ಹೋಗುತ್ತದೆ. ಸೂಡಿಯ ಶಾಸನಗಳನ್ನು ಲಯೊನೆಲ್ ಬಾರ್ನೆಟ್ ‘ಎಪಿಗ್ರಾಫಿಯಾ ಇಂಡಿಕಾ’ದ 15ನೇ ಸಂಪುಟದಲ್ಲಿ ಪ್ರಕಟಿಸಿದರು. ಚೋಳರೊಡನೆ ನಡೆದ ಯುದ್ಧದ ಹೊಡೆತಕ್ಕೆ ಕುಸಿದಿದ್ದ ಇಲ್ಲಿನ ಎಂಟು ಸೆಟ್ಟಿಗಳ, ಎಂಬತ್ತು ಒಕ್ಕಲುಗಳ ಕಟ್ಟಳೆಯನ್ನು ಮತ್ತೆ ಊರ್ಜಿತಗೊಳಿಸಿದ ಸಂಗತಿ ಅವುಗಳಲ್ಲಿದೆ. ಇಂಥ ಶಾಸನಗಳ ಮುಂದೆ ನಿಂತ ಹುಡುಗನಿಗೆ ಹಾಗ, ವೀಸ ಎಂದರೇನೆಂದು ತಿಳಿಯದಿದ್ದರೆ ಯಾರು ಎಷ್ಟು ಕೊಟ್ಟರು, ಯಾರ ಹೆಗಲ ಮೇಲೆ ಎಷ್ಟು ಹೊರೆ ಬಿತ್ತು ಎಂಬುದೂ ತಿಳಿಯುವುದಿಲ್ಲ. ನಾಲ್ಕಾಣೆಯನ್ನೇ ಸರಿಯಾಗಿ ಕಾಣದ ನಮ್ಮ ಪೀಳಿಗೆಯ ಪಾಡು ಇದು.

ಗುಡಿಗಳ ಮಾತೂ ಹೀಗೆಯೇ. ಸೂಡಿಯ ಸ್ಮಾರಕಗಳು ಬಹುಕಾಲ ಅನಾಥವಾಗಿದ್ದವು, ಪುರಾತತ್ವ ಇಲಾಖೆಯ ಗಮನ ಅತ್ತ ಹರಿದದ್ದು ತಡವಾಗಿ. ಇಂಥ ಕಟ್ಟಡದ ಮೂರು ಮೂಲೆ ಬಿದ್ದರೂ ನಾಲ್ಕನೆಯದು ನೆಟ್ಟಗಿದ್ದರೆ ಗೋಡೆ ಎಲ್ಲಿ ಮುಂದೆ ಬಂದಿತ್ತು, ಎಲ್ಲಿ ಹಿಂದೆ ಸರಿದಿತ್ತು ಎಂಬುದನ್ನು ಅಳೆದು ಹೇಳಬಹುದು. ಕೆತ್ತಿದ ಮುಖವನ್ನು ಮರಳಿ ತರಲಾಗದು. ಅದು ಶಿಲ್ಪಿಯ ಕೈಯೊಂದಿಗೇ ಹೋಯಿತು. ಆದರೆ ಕಟ್ಟಡದ ಅಳತೆ ಆ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ಆದ್ದರಿಂದ ಪಾಳುಗುಡಿಯ ಕೊನೆಯ ಮೂಲೆಯ ಕಲ್ಲನ್ನು ಹಿತ್ತಿಲ ಗೋಡೆಗೆ ಹೊತ್ತವನು ಕಾಲು ಪಾಲು ಕದ್ದನೆಂದು ತಿಳಿಯಬಾರದು, ಅವನು ಪೂರ್ತಿ ಗುಡಿಯನ್ನೇ ಹೊತ್ತೊಯ್ದಂತೆ.