ಕಿವಿಯ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ

ಮಳೆಗಾಲ ಬಂತೆಂದರೆ ನಮ್ಮ ನಾಯ್ಮಾರ್ಮೂಲೆಯ ಕಡೆ ತರಗತಿಗೆ ಒಬ್ಬಿಬ್ಬರಾದರೂ ಕಿವಿ ಸೋರುವ ಮಕ್ಕಳು ಇರುತ್ತಾರೆ. ಕಿವಿಗೆ ಹತ್ತಿ ತುರುಕಿಕೊಂಡು ಬರುತ್ತಾರೆ. ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟಿರುತ್ತಾರೆ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ನೇರ ಒಳಗೆ ಹೋಗುತ್ತದೆ ಎಂದು ನಾವು ಹೇಳಿದರೆ, "ನಾವೆಲ್ಲ ಹೀಗೇ ಬೆಳೆದವರಲ್ವಾ ಮಾಷ್ಟ್ರೇ" ಎಂಬ ಉತ್ತರ ಸಿಗುತ್ತದೆ. ಹಾಗೆ ಸೋರುವ ಕಿವಿಯಿಂದ ಹಿಂದೆ ಜನ ಸಾಯುತ್ತಿದ್ದರು ಎಂಬುದು ಈಗ ಮರೆತೇ ಹೋಗಿದೆ.

ಸುಶ್ರುತ ಸಂಹಿತೆಯಲ್ಲಿ ಹರಿದ ಕಿವಿಯ ಹಾಲೆಯನ್ನು ಜೋಡಿಸುವ 15 ಬಗೆಗಳನ್ನು ಹೇಳಿದೆ. ಅದು ದೊಡ್ಡ ವಿದ್ಯೆಯೇ. ಆದರೆ ಹೊರಗಿವಿಯದು. ಅದನ್ನೇ ಹಿಡಿದುಕೊಂಡು ಎಲ್ಲವೂ ನಮ್ಮಲ್ಲಿತ್ತು ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಒಳಗಿನ ಕೀವು ಕಿವಿಯ ಹಿಂದಿನ ಮೂಳೆಗೆ, ಅಲ್ಲಿಂದ ಮಿದುಳಿಗೆ ಹಬ್ಬಿದರೆ ಉಳಿಯುವವರು ಕಡಿಮೆ. 1776ರಲ್ಲಿ ಪ್ರಶ್ಯಾದ ಸೇನಾವೈದ್ಯ ಯಾಸರ್ ಎಂಬವರು ಆ ಮೂಳೆಯನ್ನು ತೆರೆದು ಸೈನಿಕನೊಬ್ಬನನ್ನು ಗುಣಪಡಿಸಿದರು. ಡೆನ್ಮಾರ್ಕಿನ ರಾಜವೈದ್ಯ ಬೆರ್ಗರ್ ತನ್ನ ಕಿವುಡು ಹೋದೀತೆಂಬ ಆಸೆಯಿಂದ 1791ರಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಲವೇ ದಿನಗಳಲ್ಲಿ ತೀರಿಹೋದರು. ಆ ಸುದ್ದಿಗೆ ವೈದ್ಯಲೋಕವೇ ಹೆದರಿತು. 1873ರಲ್ಲಿ ಜರ್ಮನಿಯ ಶ್ವಾರ್ಟ್ಸೆ ಎಂಬವರು ಆ ಮೂಳೆಯನ್ನು ಯಾವಾಗ, ಹೇಗೆ ತೆರೆಯಬೇಕೆಂದು ವಿವರವಾಗಿ ಬರೆದ ಮೇಲೆಯೇ ವೈದ್ಯರಿಗೆ ಪುನಃ ಧೈರ್ಯ ಬಂದದ್ದು.

ಇದೆಲ್ಲ ಜೀವ ಉಳಿಸುವ ಕೆಲಸವಾಯಿತು. ಕೇಳಿಸುವಂತೆ ಮಾಡುವ ಕೆಲಸದಲ್ಲಿ 1956 ಮುಖ್ಯವಾದ ವರ್ಷ. ದೇಹದಲ್ಲೇ ಅತಿ ಚಿಕ್ಕದಾದ, 3 ಮಿಲಿಮೀಟರ್‌ನಷ್ಟು ಎತ್ತರದ ರಿಕಾಪು ಮೂಳೆ ಬಿಗಿದುಹೋಗಿದ್ದರೆ ಅದನ್ನು ತೆಗೆದು ಟೆಫ್ಲಾನಿನ ಮೂಳೆ ಇಡಬಹುದೆಂದು ಅಮೆರಿಕದ ಜಾನ್ ಶಿಯಾ ಆ ವರ್ಷದ ಮೇ ತಿಂಗಳಲ್ಲಿ ತೋರಿಸಿದರು. ಅದೇ ವರ್ಷದ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ನಮಗೆ ಆ ಇಸವಿ ನೆನಪಿರುವುದು ಹಾಗೆ.

ಬಸವನಹುಳುವಿನ ಚಿಪ್ಪಿನಂತಿರುವ ಒಳಗಿವಿಯೇ ಕೆಟ್ಟಿದ್ದರೆ ಮೂಳೆ ಬದಲಿಸಿ ಪ್ರಯೋಜನವಿಲ್ಲ. ಅಲ್ಲಿ ನರಕ್ಕೇ ವಿದ್ಯುತ್ ಸಂಕೇತ ಮುಟ್ಟಿಸಬೇಕು. 1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೊ ಮತ್ತು ಎರಿಯೆಸ್ ಇದನ್ನು ಪ್ರಯೋಗಿಸಿದರು. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಹಲವು ತಂತುಗಳ ಸಾಧನವನ್ನು ಅಳವಡಿಸಿದರು. ಇದೇ ಇಂದಿನ ಕಾಕ್ಲಿಯರ್ ಇಂಪ್ಲಾಂಟ್. ಲಕ್ಷಗಟ್ಟಲೆ ಖರ್ಚಿನ ಕೆಲಸ. ಕೇರಳ ಸರಕಾರ 2012ರಲ್ಲಿ 'ಶ್ರುತಿತರಂಗಂ' ಯೋಜನೆ ತಂದ ಮೇಲೆ ಬಡವರ ಮಕ್ಕಳಿಗೂ ಇದು ಸಿಕ್ಕಿತು. ಕೋಝಿಕ್ಕೋಡಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಸಾಧನ ಇಟ್ಟ ಕೂಡಲೇ ಮಗು ಮಾತಾಡುವುದಿಲ್ಲ. ಶಬ್ದ ಕೇಳಿ ಅರ್ಥ ಮಾಡಿಕೊಳ್ಳಲು ವರ್ಷಗಟ್ಟಲೆ ತರಬೇತಿ ಬೇಕು. ನಮ್ಮ ಸಮಸ್ಯೆ ಶುರುವಾಗುವುದು ಇಲ್ಲೇ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಅಭ್ಯಾಸದ ಹಾಳೆಗಳನ್ನು ಹಿಡಿದುಕೊಂಡು ಶಾಲೆಗೆ ಬಂದರು. ಎಲ್ಲವೂ ಮಲಯಾಳದಲ್ಲಿ. ಮನೆಯಲ್ಲಿ ಅಜ್ಜಿ, ಅಪ್ಪ ಎಲ್ಲರದೂ ಕನ್ನಡ. "ಇವನಿಗೆ 'ವೆಳ್ಳಂ' ಅಂತ ಹೇಳಿಕೊಡಬೇಕಾ, 'ನೀರು' ಅಂತಲಾ ಮಾಷ್ಟ್ರೇ?" ಎಂದು ಕೇಳಿದರು. ನಾವು ವೈದ್ಯರಲ್ಲ. ಆದರೂ ಮಗು ದಿನವಿಡೀ ಕೇಳುವುದು ಮನೆಯ ಮಾತನ್ನು, ಆದ್ದರಿಂದ ನೀರು ಎಂದೇ ಹೇಳಿ, ತರಬೇತುದಾರರಲ್ಲೂ ಇದನ್ನು ಮಾತಾಡಿ ಎಂದೆವು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಕಲಿಸುವವರು ಸಿಗುತ್ತಾರೆ ಎಂದೂ ತಿಳಿಸಿದೆವು. ಆದರೆ ಕೂಲಿ ಬಿಟ್ಟು ಪದೇ ಪದೇ ಮೈಸೂರಿಗೆ ಹೋಗುವುದು ಅವರಿಂದ ಆಗುವ ಮಾತಲ್ಲ. ಕೊನೆಗೆ ಆ ಹಾಳೆಗಳನ್ನು ನಾವೇ ಕೂತು ಕನ್ನಡದಲ್ಲಿ ಬರೆದುಕೊಟ್ಟೆವು.

ಆ ಹುಡುಗ ಆಮೇಲೆ ನಮ್ಮ ಶಾಲೆಗೇ ಸೇರಿದ. ಹಾಜರಿ ಕರೆದರೆ "ಬಂದಿದ್ದೇನೆ" ಎನ್ನುತ್ತಿದ್ದ. ಮಳೆ ಜೋರಾಗಿ ಹಂಚಿನ ಮೇಲೆ ಸುರಿಯತೊಡಗಿದರೆ ಮಾತ್ರ ಬೆಂಚಿನಿಂದ ಎದ್ದು ನಮ್ಮ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದ.